ಕೊಲೆ ಓದಿದರೆ ಜಾಣ, ಪ್ರೀತಿ ಓದಿದರೆ ಜೋಕೆ!

ಆ ಹಿರಿಯ ಹೆಂಗಸು ಕನ್ನಡಕ ಏರಿಸಿಕೊಂಡರು. ಪುಸ್ತಕವನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು. ಗಂಟಲು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಓದತೊಡಗಿದರು:

"ಅವನ ಬಿಸಿಯುಸಿರು ಕಿವಿಯ ಹತ್ತಿರ ಸುಳಿದಾಗ ಅವಳು ಕಣ್ಣು ಮುಚ್ಚಿಕೊಂಡಳು..."

ಅಷ್ಟೇ. ಮುಂದೆ ಧ್ವನಿ ಹೊರಡಲಿಲ್ಲ. ಪುಸ್ತಕದ ಮೇಲೆ ನೋಡಿದರೆ ದಪ್ಪಕ್ಷರದಲ್ಲಿ ‘ವಚನ ಸಂಗ್ರಹ’ ಎಂದಿದೆ. ಒಳಗೆ ನೋಡಿದರೆ ಈ ವ್ಯವಹಾರ! ನನ್ನ ತಂಗಿ ಗಿರಿಜಾ ಉಪ್ಪಿಟ್ಟು, ಶಿರಾದ ಟ್ರೇ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು.

ಕಳೆದ ತಿಂಗಳು ಚನ್ನಗಿರಿಯಲ್ಲಿ ಗಿರಿಜಾಳ ಮನೆಯಲ್ಲಿ ನಡೆದದ್ದಿದು. ಅವಳ ಮಗಳು ಸಹನಾಳನ್ನು ನೋಡಲು ನ್ಯಾಮತಿಯಿಂದ ಗಂಡಿನವರು ಬಂದಿದ್ದರು. ಓದಿದವರು ಹುಡುಗನ ತಾಯಿ. ನಾನು ಹುಡುಗಿಯ ದೊಡ್ಡಮ್ಮ, ಅಂದರೆ ಇಂಥ ಸಂದರ್ಭದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕಾದವಳು.

ಆದದ್ದೇನು ಅಂದರೆ, ಸಹನಾ ಊರಿನ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಬೆಳಗಿಂದ ಸಂಜೆವರೆಗೆ ಊರವರ ಕೆಮ್ಮು, ಗ್ಯಾಸ್ಟ್ರಿಕ್, ಮಂಡಿನೋವು ಕೇಳಿಸಿಕೊಂಡು ಮನೆಗೆ ಬರುತ್ತಾಳೆ. ಬಂದವಳೇ ಕೈಕಾಲು ತೊಳೆದು ಒಂದು ಲೈಟ್ ರೊಮ್ಯಾನ್ಸ್ ಹಿಡಿದು ಕೂರುತ್ತಾಳೆ. ನನಗೆ ಸಸ್ಪೆನ್ಸ್ ಹುಚ್ಚು. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಕೊಟ್ಟುಕೊಳ್ಳುತ್ತೇವೆ. ಹಾಗಾಗಿ ಈ ವರ್ಷ ನನ್ನ ಓದು ಒಂದು ಕೊಲೆ, ಒಂದು ಪ್ರೀತಿ, ಮತ್ತೊಂದು ಕೊಲೆ ಅಂತ ಸಾಗಿದೆ.

ಎರಡರಲ್ಲೂ ಸಿಟ್ಟು ಬರಿಸುವ ಸಂಗತಿಗಳಿಗೆ ಬರವಿಲ್ಲ ಬಿಡಿ. ಸಸ್ಪೆನ್ಸ್‌ನಲ್ಲಿ ಎಲ್ಲರಿಗಿಂತ ಮೃದುವಾಗಿ ಮಾತಾಡುವ ಡಾಕ್ಟರೇ ಕೊಲೆಗಾರ. (ಮೃದುವಾಗಿ ಮಾತಾಡುವ ಡಾಕ್ಟರನ್ನು ನಮ್ಮ ಕಡೆ ಯಾರಾದರೂ ನೋಡಿದ್ದರೆ ದಯವಿಟ್ಟು ವಿಳಾಸ ಕಳಿಸಿ.) ರೊಮ್ಯಾನ್ಸ್‌ನಲ್ಲಿ ನಾಯಕನಿಗೆ ದುಡ್ಡು ಜಾಸ್ತಿ, ಮೂಗಿನ ತುದಿಯಲ್ಲೇ ಕೋಪ. ನಾಯಕಿ ಎಲ್ಲಿ ಜಾರಿದರೂ ಅವನ ತೋಳಿಗೇ ಬೀಳಬೇಕು. ನೆಲಕ್ಕೆ ಬಿದ್ದು ಮಂಡಿ ತರಚಿಕೊಂಡ ನಾಯಕಿ ಒಬ್ಬಳೂ ಇಲ್ಲವಲ್ಲ! ಆದರೂ ಓದುತ್ತೇವೆ. ಬೈದುಕೊಂಡು ಓದುತ್ತೇವೆ. ಅದರಲ್ಲೊಂದು ಸುಖವಿದೆ.

ಗಂಡಿನವರು ಬರುತ್ತಾರೆ ಅಂದಕೂಡಲೇ ಗಿರಿಜಾಗೆ ಹಾಲ್‌ನ ಶೋಕೇಸ್ ಕಣ್ಣಿಗೆ ಬಿತ್ತು. ಸಾಲಾಗಿ ನಿಂತ ಗುಲಾಬಿ ಬಣ್ಣದ ಪುಸ್ತಕಗಳು, ಮುಖಪುಟದಲ್ಲಿ ಕೈ ಕೈ ಹಿಡಿದ ಜೋಡಿಗಳು. ಎತ್ತಿ ಬೀರುವಿನಲ್ಲಿ ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮವಳ ತಲೆ ಓಡಿದ್ದೇ ಬೇರೆ ದಾರಿಗೆ.

"ಶೋಕೇಸ್ ಖಾಲಿ ಇಟ್ರೆ ಹುಡುಗಿ ಓದೋಳು ಅಂತ ಹೆಂಗೆ ಗೊತ್ತಾಗ್ಬೇಕು?" ಅಂದಳು. ಹಳೇ ಕ್ಯಾಲೆಂಡರ್ ಹಾಳೆ ಹರಿದು, ಬಿಳಿ ಮಗ್ಗುಲು ಹೊರಗೆ ಮಾಡಿ, ಶಾಲೆಯ ಮಕ್ಕಳ ಪುಸ್ತಕಕ್ಕೆ ಹಾಕುವ ಹಾಗೆ ಎಲ್ಲಕ್ಕೂ ನೀಟಾಗಿ ಬೈಂಡ್ ಹಾಕಿದಳು. ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದಕ್ಕೆ ‘ವಚನ ಸಂಗ್ರಹ’, ಇನ್ನೊಂದಕ್ಕೆ ‘ಮನೆಮದ್ದು’, ಮತ್ತೊಂದಕ್ಕೆ ‘ರುಚಿ ರುಚಿ ಅಡುಗೆ’. ಮಗಳು ಓದುತ್ತಾಳೆ ಅಂತ ಬೀಗರಿಗೆ ಗೊತ್ತಾಗಬೇಕು, ಏನು ಓದುತ್ತಾಳೆ ಅಂತ ಗೊತ್ತಾಗಬಾರದು. ನಮ್ಮ ಜನರ ಬುದ್ಧಿಗೆ ಏನೆನ್ನೋಣ?

ಬಂದವರ ಕಣ್ಣು ನೆಟ್ಟಗೆ ಅಲ್ಲಿಗೇ ಹೋಗಬೇಕೇ? ಹುಡುಗನ ತಾಯಿಗೆ ಸಂತೋಷವೋ ಸಂತೋಷ. "ಈ ಕಾಲದ ಹುಡುಗೀರು ವಚನ ಓದ್ತಾರಂದ್ರೆ ಏನ್ ಪುಣ್ಯ ರೀ! ಶುಭಕಾರ್ಯಕ್ಕೆ ಬಂದೀವಿ, ಒಂದು ವಚನದಿಂದ್ಲೇ ಶುರು ಮಾಡಾಣ ತಡೀರಿ" ಅಂತ ತಾವೇ ಎದ್ದು ಪುಸ್ತಕ ತೆಗೆದುಕೊಂಡರು. ಆಮೇಲಿನದ್ದು ನಿಮಗೆ ಗೊತ್ತೇ ಇದೆ.

ಪುಸ್ತಕ ಮುಚ್ಚಿದವರೇ ಸಹನಾಳನ್ನು ಮೇಲಿಂದ ಕೆಳಗೆ ನೋಡಿದರು.

"ಏನಮ್ಮಾ, ಇಂಥವೆಲ್ಲ ನಿಂಗೆ ಯಾರು ಕೊಡ್ತಾರೆ?"

"ನಾನೇ ತಗಂಡಿದ್ದು ರೀ. ಓದಾಕೆ."

"ಲವ್ ಗಿವ್ ಅಂತ ಏನಾರ ಐತೇನಮ್ಮಾ? ಇದ್ರೆ ಈಗ್ಲೇ ಹೇಳ್ಬಿಡು."

"ಇಲ್ಲ ರೀ. ಪುಸ್ತಕ ಅಷ್ಟೇ" ಅಂದಳು ಸಹನಾ. ಧ್ವನಿ ನಡುಗಲಿಲ್ಲ, ಆದರೆ ಕಿವಿ ಕೆಂಪಾಗಿತ್ತು.

ಹುಡುಗ ಕಿರಣ್ ಹೊನ್ನಾಳಿಯಲ್ಲಿ ಪಂಪ್‌ಸೆಟ್ ಅಂಗಡಿ ನಡೆಸುತ್ತಾನೆ. ನೋಡಲು ಲಕ್ಷಣವಾಗಿದ್ದಾನೆ, ಮಾತು ಕಡಿಮೆ. ಇಬ್ಬರನ್ನೂ ಮಾತಾಡಿಕೊಳ್ಳಲಿ ಅಂತ ಮಹಡಿಗೆ ಕಳಿಸಿದೆವು. ಕೆಳಗೆ ಬಂದಾಗ ಸಹನಾಳ ಮುಖ ಬೇರೆಯೇ ಆಗಿತ್ತು. ಗಂಡಿನವರು ಅತ್ತ ಹೋದದ್ದೇ ತಡ, ನನ್ನ ಕೈ ಹಿಡಿದುಕೊಂಡು, "ದೊಡ್ಡಮ್ಮಾ, ಅವ್ರೂ ಕಾದಂಬರಿ ಓದ್ತಾರಂತೆ! ಅಮ್ಮನ ಬೈಂಡ್ ನೋಡಿ ನಗು ತಡಿಯಾಕಾಗ್ಲಿಲ್ಲ ಅಂದ್ರು" ಅಂದಳು. ಎಷ್ಟೋ ಗಂಡು ನೋಡಿಹೋದ ಮೇಲೆ ಮೊದಲ ಸಲ ಈ ಹುಡುಗಿಯ ಬಾಯಲ್ಲಿ ಒಪ್ಪಿಗೆಯ ಮಾತು ಬಂದಿತ್ತು. ಇದು ಕೂಡಿಬಂದರೆ ಸಾಕಪ್ಪ ಅಂತ ನಾನೂ ಅಂದುಕೊಂಡೆ.

ಅಷ್ಟರಲ್ಲಿ ಗಂಡಿನವರ ಕಡೆಯಿಂದ ತನಿಖೆ ಶುರುವಾಯಿತು! ಔಷಧಿ ಅಂಗಡಿಗೆ ಯಾರೋ ಬಂದು, ಒಂದು ಪಟ್ಟಿ ಮಾತ್ರೆ ಕೊಂಡು, "ಆ ಹುಡುಗಿನ ಕರ್ಕೊಂಡು ಹೋಗಾಕೆ ಯಾರಾದ್ರೂ ಬರ್ತಾರೇನ್ರಿ?" ಅಂತ ಮಾಲೀಕರನ್ನು ಕೇಳಿದರಂತೆ. ಪಕ್ಕದ ಮನೆಯವರನ್ನೂ ವಿಚಾರಿಸಿದರಂತೆ. ನಾಕು ಜನರ ಬಾಯಿಗೆ ಬಿದ್ದರೆ ಇಲ್ಲದ್ದೂ ಇದೆ ಅಂತಾಗುತ್ತದೆ. ಕೌಂಟರಿನಲ್ಲಿ ಬರೀ ಕೆಮ್ಮು, ಗ್ಯಾಸ್ಟ್ರಿಕ್ ನೋಡುವ ಹುಡುಗಿ ಯಾರ ಜೊತೆ ಲವ್ ಮಾಡಬೇಕಿತ್ತು ಸ್ವಾಮಿ? ಸಹನಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತನಿಖೆ ಮುಗಿದು, ಏನೂ ಸಿಗದೆ, ಮನೆ ನೋಡಲು ಬನ್ನಿ ಅಂತ ನ್ಯಾಮತಿಯಿಂದ ಕರೆ ಬಂತು.

ನಮ್ಮಲ್ಲಿ ಮನೆ ನೋಡುವ ಶಾಸ್ತ್ರಕ್ಕೆ ಹುಡುಗಿ ಹೋಗುವುದಿಲ್ಲ. ಬಾಳುವವಳನ್ನು ಬಿಟ್ಟು ಮಿಕ್ಕವರೆಲ್ಲ ಹೋಗಿ ಮನೆ ನೋಡಿಕೊಂಡು ಬರುತ್ತೇವೆ. ನಾನು, ಗಿರಿಜಾ, ಅವಳ ಯಜಮಾನರು ಹೋದೆವು. ಒಳ್ಳೆಯ ಮನೆ. ಹಾಲ್‌ಗೆ ಕಾಲಿಟ್ಟರೆ ಎದುರಿಗೇ ಗಾಜಿನ ಬೀರು. ತುಂಬ ಪುಸ್ತಕ! ಒಂದರ ಮುಖಪುಟದಲ್ಲಿ ರಕ್ತ ತೊಟ್ಟಿಕ್ಕುವ ಚಾಕು. ಇನ್ನೊಂದರಲ್ಲಿ ಕಾರಿನ ಡಿಕ್ಕಿಯಿಂದ ಜೋತುಬಿದ್ದ ಬಳೆ ತೊಟ್ಟ ಕೈ. ಮತ್ತೊಂದರಲ್ಲಿ ತಲೆಬುರುಡೆ. ಒಂದಕ್ಕಾದರೂ ಬೈಂಡ್? ಊಹೂಂ. ಗಾಜು ಫಳಫಳ ಒರೆಸಿ ಇಟ್ಟಿದ್ದರು.

"ನಮ್ಮ ಕಿರಣಂಗೆ ಸಣ್ಣೋನಿದ್ದಾಗಿಂದ ಓದೋ ಹುಚ್ಚು ರೀ" ಅಂದರು ತಾಯಿ, ಮುಖದ ತುಂಬ ಹೆಮ್ಮೆ. "ಅದ್ಕೇ ನೋಡ್ರಿ, ತಲೆ ಅಷ್ಟು ಚುರುಕು."

ನನ್ನ ಬಾಯಿ ಸುಮ್ಮನಿರಬೇಕಲ್ಲ! ಬೀರು ತೆಗೆದು, ಗುರುತಿದ್ದ ಒಂದು ಪುಸ್ತಕ ಹೊರಗೆ ತೆಗೆದೆ.

"ಇದನ್ನ ನಾನೂ ಓದೀನಿ ರೀ. ಇದ್ರಾಗೆ ಗಂಡ ದಿನಾ ಹೆಂಡ್ತಿ ಹಾಲಿಗೆ ಒಂದಿಷ್ಟಿಷ್ಟೇ ವಿಷ ಬೆರೆಸ್ತಾನೆ. ನಮ್ಮ ಹುಡುಗಿನ ಈ ಮನೆಗೆ ಕೊಡಬೌದೇನ್ರಿ?"

"ಅಯ್ಯ! ಅದು ಕಥೆ ಕಣ್ರೀ!"

"ಅವಳು ಓದಿದ್ದೂ ಕಥೆನೇ ಅಲ್ವೇನ್ರಿ?"

ಗಿರಿಜಾ ಸೊಂಟಕ್ಕೆ ಚಿವುಟಿದಳು. (ಕಲೆ ಇನ್ನೂ ಇದೆ.) ನಾನು ಕಿರಣನ ಮುಖ ನೋಡಿದೆ. ಹೇಳಪ್ಪಾ, ಈಗ ಹೇಳು, ‘ಅಮ್ಮಾ, ಅವರು ಹೇಳೋದು ಸರಿ ಐತೆ’ ಅನ್ನು, ಒಂದೇ ಮಾತು ಸಾಕು. ಹುಡುಗ ಕತ್ತು ಬಗ್ಗಿಸಿ ಮೊಬೈಲ್ ನೋಡುತ್ತಿದ್ದ.

ಕೊಲೆ ಓದುವ ಹುಡುಗನ ಬಗ್ಗೆ ನಾವು ಹೊನ್ನಾಳಿ ಪೊಲೀಸ್ ಠಾಣೆಗೆ ಹೋಗಿ ವಿಚಾರಿಸಿದೆವೇ? ಈ ಮನೆಯಲ್ಲಿ ಯಾರಾದರೂ ಕಾಣೆಯಾಗಿದ್ದಾರಾ ಅಂತ ಪಕ್ಕದ ಮನೆಯವರನ್ನು ಕೇಳಿದೆವೇ? ಇಲ್ಲವಲ್ಲ. ಗಂಡು ಓದಿದರೆ ಅದು ಬುದ್ಧಿ, ಹೆಣ್ಣು ಓದಿದರೆ ಅದು ಸುಳಿವು! ಹೆಣ ಬೀಳುವ ಪುಸ್ತಕ ಹಾಲ್‌ನಲ್ಲಿ ಇರಬಹುದು, ಮನಸ್ಸು ಕೂಡುವ ಪುಸ್ತಕಕ್ಕೆ ಮಾತ್ರ ಮುಸುಕು ಬೇಕು.

ಹೊರಡುವಾಗ ತಾಯಿ ತೀರ್ಪು ಕೊಟ್ಟರು. "ಹುಡುಗಿ ಬಗ್ಗೆ ನಮ್ದೇನೂ ತಕರಾರಿಲ್ಲ. ಮದುವೆ ಆದ್ಮ್ಯಾಲೆ ಆ ಪುಸ್ತಕ ಎಲ್ಲ ಬಿಟ್ರೆ ಸಾಕು."

"ಬಿಡ್ತಾಳೆ ಬಿಡ್ರಿ, ಅದೇನು ದೊಡ್ದು" ಅಂದಳು ಗಿರಿಜಾ. ಓದುವವಳು ಮೂವತ್ತು ಮೈಲಿ ಆಚೆ ಕೌಂಟರಿನಲ್ಲಿ ನಿಂತಿದ್ದಾಳೆ, ಇಲ್ಲಿ ಇವಳು ಬಿಡಿಸಿಯೂ ಆಯಿತು.

ಮರುದಿನ ಸಂಜೆ ಕಿರಣ್ ಸಹನಾಗೆ ಫೋನ್ ಮಾಡಿದ. ನಾನು ಅಲ್ಲೇ ಇದ್ದೆ. ಅಡುಗೆಮನೆಯಲ್ಲಿದ್ದ ಗಿರಿಜಾಗೂ ಕೇಳುವ ಹಾಗೆ ಅವಳು ಸ್ಪೀಕರ್ ಹಾಕಿದಳು.

"ಅಮ್ಮನ ಮಾತಿಗೆ ಸುಮ್ನೆ ಹೂಂ ಅಂದ್ಬಿಡ್ರಿ" ಅಂದ ಹುಡುಗ. "ಆಮ್ಯಾಲೆ ಅವ್ರಿಗೆ ಗೊತ್ತಾಗದಂಗೆ ರೂಮಿನಾಗೆ ಓದ್ಕಳ್ರಿ. ಪುಸ್ತಕ ಬೇಕಾದ್ರೆ ನಾನೇ ತಂದ್ಕೊಡ್ತೀನಿ."

"ನಿಮ್ಮ ಪುಸ್ತಕ ಎಲ್ಲಿರ್ತಾವೆ?"

"ನಮ್ಮವು ಹಾಲ್‌ನಾಗೇ. ಯಾಕ್ರಿ?"

"ಸುಮ್ನೆ ಕೇಳ್ದೆ" ಅಂದು ಸಹನಾ ಫೋನ್ ಇಟ್ಟಳು. ಆ ಹುಡುಗ ಅವಳಿಗೆ ನಿಜಕ್ಕೂ ಹಿಡಿಸಿದ್ದ. ಅದಕ್ಕೇ ನನಗೆ ಇಷ್ಟು ಸಿಟ್ಟು. ಸಹನಾ ನೆಟ್ಟಗೆ ಅಡುಗೆಮನೆಗೆ ಹೋಗಿ ಅಮ್ಮನಿಗೆ ಒಂದೇ ಮಾತು ಹೇಳಿದಳು: "ಈ ಸಂಬಂಧ ಬ್ಯಾಡಮ್ಮಾ."

ಗಿರಿಜಾ ಲಟ್ಟಣಿಗೆ ಬಿಟ್ಟು ಹಣೆ ಚಚ್ಚಿಕೊಂಡಳು. "ಇಂಥ ಹುಡುಗ ಎಲ್ಲಿ ಸಿಗ್ತಾನೆ ಕಣೇ? ಕದ್ದಾದ್ರೂ ಓದು, ನಾನೇ ತಂದ್ಕೊಡ್ತೀನಿ ಅಂದಾನಲ್ಲೇ! ಇನ್ನೇನು ಬೇಕು ನಿಂಗೆ?"

ಸಹನಾ ಲಟ್ಟಣಿಗೆ ಎತ್ತಿ ಅಮ್ಮನ ಕೈಗೆ ಕೊಟ್ಟು ಕೇಳಿದಳು: "ಮದುವೆಗೆ ಮುಂಚೇನೇ ಕದ್ದು ಓದು ಅನ್ನೋನು, ಮದುವೆ ಆದ್ಮ್ಯಾಲೆ ಏನೇನೆಲ್ಲ ಕದ್ದು ಮಾಡು ಅಂತಾನಮ್ಮಾ?"