ಇಂಗಿನ ಮಜ್ಜಿಗೆ

ಹೊನ್ನಾವರದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಯಾರಿಗೆ ಏನು ಕುಡಿಯಲು ಕೊಟ್ಟರೂ ಮೊದಲು ಲೋಟದ ತಳವನ್ನು ಸೆರಗಿನಲ್ಲಿ ಒರೆಸುತ್ತಿದ್ದರು. ಆಮೇಲೆ, "ಎಂತಾ ಆಗೂದಿಲ್ಲ, ಕುಡಿ" ಎನ್ನುತ್ತಿದ್ದರು.

ಅವರ ಮೊಮ್ಮಗಳಿಗೆ ಆರನೇ ವರ್ಷಕ್ಕೇ ಟೈಪ್ ಒನ್ ಸಕ್ಕರೆ ಕಾಯಿಲೆ ಬಂದಿತ್ತು. ಪ್ರತಿ ಊಟಕ್ಕೂ ಮುಂಚೆ ಇನ್ಸುಲಿನ್ ಚುಚ್ಚಬೇಕು. ಒಂಬತ್ತನೇ ವರ್ಷಕ್ಕೆ ಸೀಲಿಯಾಕ್ ಎಂಬ ಇನ್ನೊಂದು ಕಾಯಿಲೆಯೂ ಜೊತೆಗೂಡಿತು. ಗೋಧಿ ಚೂರು ಹೊಟ್ಟೆಗೆ ಹೋದರೂ ಕರುಳು ಕೆಡುತ್ತದೆ ಎಂದರು ಡಾಕ್ಟರು.

"ಗಂಜಿ ಉಣ್ಣೋರಿಗೆ ಗೋಧಿ ಬಿಡೂದು ಎಂತ ಕಷ್ಟ" ಎಂದು ಅಜ್ಜಿ ಅಂದೇ ರವೆ, ಬಿಸ್ಕೀಟು, ಚಪಾತಿ ಹಿಟ್ಟು ಎಲ್ಲವನ್ನೂ ತಂದು ನಮ್ಮ ಮನೆಗೆ ಕೊಟ್ಟರು.

ಹುಡುಗಿ ಮಾತ್ರ ಸೊರಗುತ್ತಲೇ ಹೋದಳು. ಹೊಟ್ಟೆನೋವೆಂದು ಅವಳು ಮುದುಡಿ ಮಲಗಿದಾಗಲೆಲ್ಲ ಅಜ್ಜಿ ಮಜ್ಜಿಗೆಗೆ ಇಂಗು ಕದಡಿ ಕುಡಿಸುತ್ತಿದ್ದರು.

ಒಂದು ದಿನ ಇಂಗಿನ ಡಬ್ಬಿಯ ಮುಚ್ಚಳ ಬರುತ್ತಿಲ್ಲವೆಂದು ನನ್ನ ಕೈಗೆ ಕೊಟ್ಟರು. ತೆಗೆಯುವಾಗ ಅದರ ಮೇಲಿನ ಸಣ್ಣ ಅಕ್ಷರಗಳು ಕಣ್ಣಿಗೆ ಬಿದ್ದವು.

"ಅಜ್ಜಿ, ಇದಕ್ಕೆ ಮೈದಾ ಸೇರಿಸಿದ್ದಾರೆ."

"ಇಂಗಿಗೆ ಎಂತಕ್ಕೆ ಮೈದಾ?"

ಮೈದಾ ಎಂದರೂ ಗೋಧಿಯೇ ಎಂದು ಅವರಿಗೆ ಗೊತ್ತಿತ್ತು. ಕೈಯಲ್ಲಿದ್ದ ಮಜ್ಜಿಗೆ ಚೆಲ್ಲಿ, "ನಾನೇ ಅಲ್ವಾ ಕುಡ್ಸಿದ್ದು" ಎಂದರು.

ಇಂಗು ಬಿಟ್ಟ ಮೇಲೆ ಹುಡುಗಿ ನಿಧಾನಕ್ಕೆ ಮೈ ತುಂಬಿಕೊಂಡಳು. ಅಜ್ಜಿ ಮತ್ತೆ ಅವಳ ಕೈಗೆ ಏನನ್ನೂ ಕೊಡಲಿಲ್ಲ. ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬಂದು ನೀರು ಕೇಳಿದಾಗ ನಾನು ಅಲ್ಲೇ ಇದ್ದೆ. ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಅಮ್ಮನ ಹತ್ರ ಕೇಳು" ಎಂದರು.

"ಬರೀ ನೀರಲ್ವಾ ಅಜ್ಜಿ, ಎಂತಾ ಆಗೂದಿಲ್ಲ, ಕೊಡು."

ಅಜ್ಜಿ ಏಳಲಿಲ್ಲ.