ಬಲ ತಿರುವಿನ ಅರ್ಧ ಸೆಕೆಂಡು

ಪೀಣ್ಯದ ಕಾರ್ಖಾನೆಯಲ್ಲಿ ನನಗೆ ಸಿಕ್ಕಿದ ಕೆಲಸ ಯಾರೂ ಮೆಚ್ಚುವಂಥದ್ದಲ್ಲ. ಲೇತ್ ಮುಂದೆ ನಿಂತು ಕೆಲಸ ಮಾಡುವವರ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಲ್ಲಬೇಕು. ಒಂದು ಬಿಡಿಭಾಗಕ್ಕೆ ಎಷ್ಟು ಹೊತ್ತು ಹಿಡಿಯಿತು, ಅದರಲ್ಲಿ ಎತ್ತಿ ಕೂರಿಸುವುದಕ್ಕೆ ಎಷ್ಟು, ಕೊರೆಯುವುದಕ್ಕೆ ಎಷ್ಟು ಎಂದು ತುಂಡು ತುಂಡಾಗಿ ಬರೆದುಕೊಳ್ಳಬೇಕು. ಎಂಬತ್ತರ ದಶಕದ ಮೊದಲ ವರ್ಷಗಳವು. ನನಗೆ ಇಪ್ಪತ್ತಮೂರು. ನಾನು ಶೆಡ್ಡಿಗೆ ಕಾಲಿಟ್ಟರೆ ಮಾತು ನಿಂತುಹೋಗುತ್ತಿತ್ತು. ಊಟದ ಹೊತ್ತಿನಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ.

ಯಜಮಾನರಿಗೆ ಕಾರ್ ರೇಸಿನ ಹುಚ್ಚು. ಕಾರ್ಖಾನೆಯ ಹೆಸರಿನಲ್ಲಿ ಎರಡು ಕಾರು ಓಡಿಸುತ್ತಿದ್ದರು. ವರ್ಷಕ್ಕೊಮ್ಮೆ ಮದ್ರಾಸಿನಲ್ಲಿ ದೊಡ್ಡ ರೇಸು. ಉಳಿದಂತೆ ಭಾನುವಾರಗಳಂದು ವೈಟ್‌ಫೀಲ್ಡ್ ದಾಟಿ ಹೊಸಕೋಟೆಯ ಕಡೆ ಇದ್ದ, ಯಾರೂ ಬಳಸದ ವಿಮಾನ ಇಳಿಯುವ ಒಂದು ಹಳೆಯ ಪಟ್ಟಿಯ ಮೇಲೆ ಅಭ್ಯಾಸ. ಒಂದು ದಿನ ನನ್ನನ್ನು ಕರೆದು, "ಏನಮ್ಮಾ, ನೀನು ಯಾರ ಮುಲಾಜೂ ನೋಡದೆ ಟೈಮ್ ಬರೀತೀಯಂತೆ. ಭಾನುವಾರ ಬಾ, ನಮ್ಮ ಕಾರುಗಳ ಟೈಮ್ ಬರಿ" ಎಂದರು. ಅಮ್ಮ ಬೇಡವೇ ಬೇಡ ಎಂದಳು. ಕೊನೆಗೆ ಮೊದಲ ಭಾನುವಾರ ಅಪ್ಪನೇ ಜೊತೆಗೆ ಬಂದ. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವನು ಬಾನೆಟ್ ತೆರೆದಿದ್ದ ಕಾರಿನ ಪಕ್ಕ ಇಡೀ ದಿನ ನಿಂತಿದ್ದು, ಸಂಜೆ ಅಮ್ಮನಿಗೆ, "ಒಳ್ಳೇ ಜನ ಕಣೇ, ಹೋಗಲಿ ಬಿಡು" ಎಂದ.

ಪಟ್ಟಿಯ ಎರಡೂ ಬದಿ ರಾಗಿ ಹೊಲ. ತುದಿಗಳಲ್ಲಿ ಟಾರಿನ ಖಾಲಿ ಡ್ರಮ್ಮುಗಳನ್ನಿಟ್ಟು, ಒಂದು ಕಡೆ ಎಡಕ್ಕೆ ಒಂದು ಕಡೆ ಬಲಕ್ಕೆ, ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುವು ಮಾಡಿದ್ದರು. ಅದರಲ್ಲಿ ಪೂರ್ವದ ತುದಿಯ ಬಲ ತಿರುವು ಕಷ್ಟದ್ದು. ಅಲ್ಲೇ ಹಳ್ಳಿಯವರು ಹೊಲಕ್ಕೆ ದಾಟಿಹೋಗುವ ಕಾಲುದಾರಿಯೂ ಇತ್ತು. ದಾಟುವವರನ್ನು ತಡೆಯಲು ಒಬ್ಬರು ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಿದ್ದರು. ನಿಂತೂ ನಿಂತೂ ಬೇಜಾರಾಗಿ ಬೀಡಿ ಸೇದಲು ಮರದಡಿ ಹೋಗುತ್ತಿದ್ದುದೂ ಉಂಟು.

ಓಡಿಸುವವರು ಇಬ್ಬರು. ಒಬ್ಬರು ಟೂಲ್‌ರೂಮಿನ ಮೇಸ್ತ್ರಿ. ಸರ್ಜಾಪುರದ ಕಡೆಯ ಒಕ್ಕಲು ಮನೆಯವರು, ನಲವತ್ತು ದಾಟಿತ್ತು, ಕಾರ್ಖಾನೆಗೆಲ್ಲ ಅವರು 'ಅಣ್ಣ'. ಕಾರಿನ ಅರ್ಧ ಭಾಗಗಳನ್ನು ತಮ್ಮ ಕೈಯಾರೆ ಉಜ್ಜಿ ಮಾಡಿಕೊಂಡಿದ್ದರು. ನನ್ನ ಬೆಂಚಿಗೆ ಮೊದಲು ಬಂದು ಕೂತವರೂ ಅವರೇ. "ನಿನ್ ಕೆಲ್ಸ ನೀನು ಮಾಡ್ತೀಯ, ಅದ್ರಾಗೆ ತಪ್ಪೇನೈತವ್ವ?" ಎಂದು ಮುದ್ದೆಯ ಡಬ್ಬಿ ಬಿಚ್ಚಿದ್ದರು. ಇನ್ನೊಬ್ಬರು ಇಪ್ಪತ್ತಾರರ ಒಬ್ಬ ಇಂಜಿನಿಯರು. ಚುರುಕು, ಸ್ವಲ್ಪ ಪುಕ್ಕಲು, ಓಡಿಸಿ ಇಳಿದ ಕೂಡಲೇ ನನ್ನ ಪುಸ್ತಕದ ಮೇಲೆ ಬಗ್ಗುವ ಅಭ್ಯಾಸ.

ಎರಡನೆಯ ವರ್ಷ ಮದ್ರಾಸಿನಲ್ಲಿ ಇಬ್ಬರೂ ಹಿಂದೆ ಬಿದ್ದರು. ಅಲ್ಲಿಂದ ಬಂದ ವಾರ ಯಜಮಾನರು ಕ್ಯಾಂಟೀನಿನಲ್ಲೇ ಹೇಳಿಬಿಟ್ಟರು: ಮುಂದಿನ ಸೀಸನ್ನಿಗೆ ರೇಸು ಗೆದ್ದ ಡ್ರೈವರ್ ಒಬ್ಬರು ಕೊಯಮತ್ತೂರಿನಿಂದ ಬರುತ್ತಾರೆ, ಒಂದು ಕಾರು ಅವರದು, ಉಳಿದ ಒಂದು ಸೀಟು ಇವರಿಬ್ಬರಲ್ಲಿ ಒಬ್ಬರಿಗೆ. ಮೂರು ಭಾನುವಾರ ನೋಡಿ ತೀರ್ಮಾನಿಸುತ್ತೇನೆ ಎಂದರು.

ಆಮೇಲೆ ಕಾರ್ಖಾನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಯಾರ ಸೀಟು ಹೋಗುತ್ತದೆ? ಶೆಡ್ಡಿನವರೆಲ್ಲ ಅಣ್ಣನ ಕಡೆ, ಆಫೀಸಿನವರು ಇಂಜಿನಿಯರ ಕಡೆ. ಅಲ್ಲಿಯವರೆಗೆ ನನ್ನ ಮುಖ ನೋಡದಿದ್ದವರು ಈಗ ಟೀ ಹೊತ್ತಿನಲ್ಲಿ ಬಂದು, "ಯಾರು ಮುಂದೆ ಇದಾರೆ ಮೇಡಂ?" ಎಂದು ಕೇಳುತ್ತಿದ್ದರು. ಇಂಜಿನಿಯರಂತೂ ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ನಿಜ ಹೇಳ್ಬಿಡಿ, ನನ್ನ ಸೀಟೇ ಹೋಗುತ್ತೆ ಅಲ್ವಾ? ರಾತ್ರಿ ಊಟ ಸೇರ್ತಿಲ್ಲ ಕಣ್ರೀ" ಎಂದರು. ನಾನು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಇಳಿದೆ. ಆದರೆ ಮೊದಲ ಭಾನುವಾರವೇ ನನಗೆ ಒಂದು ವಿಷಯ ಗೊತ್ತಾಗಿತ್ತು.

ಶೆಡ್ಡಿನ ರೂಢಿಯಂತೆ ನಾನು ಪಟ್ಟಿಯ ಸುತ್ತನ್ನೂ ತುಂಡು ತುಂಡಾಗಿ ಅಳೆಯುತ್ತಿದ್ದೆ. ನೇರ ದಾರಿಯಲ್ಲಿ ಅಣ್ಣ ಮುಂದೆ, ಎಡ ತಿರುವಿನಲ್ಲಿ ಮುಂದೆ. ಬಲ ತಿರುವೊಂದರಲ್ಲೇ ಪ್ರತಿ ಸುತ್ತಿಗೂ ಅರ್ಧ ಸೆಕೆಂಡು ಕಳೆದುಕೊಳ್ಳುತ್ತಿದ್ದರು. ವರ್ಷದ ಹಿಂದಿನ ಹಾಳೆ ತೆಗೆದು ನೋಡಿದೆ, ಆಗ ಹಾಗಿರಲಿಲ್ಲ. ಆ ವಾರ ಟೂಲ್‌ರೂಮಿನಲ್ಲಿ ಅವರು ಮೈಕ್ರೋಮೀಟರು ಓದುವುದನ್ನು ಕಂಡೆ. ತಲೆಯನ್ನೇ ಪೂರ್ತಿ ಬಲಕ್ಕೆ ತಿರುಗಿಸಿ, ಎಡಗಣ್ಣಿನ ಎದುರಿಗೆ ತಂದುಕೊಂಡು ಓದುತ್ತಿದ್ದರು.

ಊಟದ ಹೊತ್ತಿನಲ್ಲಿ ಬೇರೆ ಯಾರೂ ಇಲ್ಲದಾಗ ಕೇಳಿದೆ. "ಅಣ್ಣ, ನಿಮ್ಮ ಬಲಗಣ್ಣಿಗೆ ಏನಾದ್ರೂ ಆಗಿದ್ಯಾ?"

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಯಾರ್ ಯೇಳಿದ್ರು?"

"ಯಾರೂ ಇಲ್ಲ. ನನ್ನ ಪುಸ್ತಕದಲ್ಲಿದೆ."

ಮುದ್ದೆಯ ತುಂಡನ್ನು ಡಬ್ಬಿಗೆ ಹಾಕಿ ಹೇಳಿದರು: "ಪೊರೆ ಬಂದೈತಂತೆ. ಇನ್ನೂ ಬಲೀಬೇಕು, ಆಮ್ಯಾಕೆ ಆಪರೇಸನ್ನು ಅಂದವ್ರೆ ಡಾಕ್ಟ್ರು. ಹೊಗೆ ತುಂಬಿದಂಗೆ ಕಾಣ್ತದೆ." ನಂತರ ನನ್ನ ಕಡೆ ನೋಡದೆ, "ಯಾರ್ಗೂ ಯೇಳ್ಬ್ಯಾಡ ಕಣವ್ವ. ಇದೊಂದ್ ವರ್ಸ" ಎಂದರು.

ನಾನು ಹೂಂ ಎನ್ನಲಿಲ್ಲ, ಉಹುಂ ಎನ್ನಲೂ ಇಲ್ಲ. ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಹಾಕಿದೆ. ಅವರು ಅದನ್ನೇ ಒಪ್ಪಿಗೆ ಎಂದುಕೊಂಡರು. ಹಾಗೆ ಅಂದುಕೊಂಡಿದ್ದಾರೆ ಎಂಬುದು ನನಗೂ ಗೊತ್ತಿತ್ತು.

ಎರಡನೆಯ ಭಾನುವಾರ ಇಂಜಿನಿಯರು ಸ್ವಲ್ಪ ಮುಂದಿದ್ದರು. ಮೂರನೆಯ ಭಾನುವಾರ ಅಣ್ಣ ಓಡಿಸಿದ್ದನ್ನು ಮಾತ್ರ ನಾನು ಇಂದಿಗೂ ಮರೆತಿಲ್ಲ. ಮೊದಲ ಸುತ್ತಿಗೇ ಗಡಿಯಾರದ ಮೇಲೆ ನನಗೆ ಅನುಮಾನ ಬಂತು. ಬಲ ತಿರುವಿನಲ್ಲಿ ಕಳೆಯುತ್ತಿದ್ದ ಅರ್ಧ ಸೆಕೆಂಡು ಮಾಯ. ಎಂಟು ಸುತ್ತು, ಎಂಟೂ ಒಂದೇ ಅಚ್ಚು. ಆ ಪಟ್ಟಿಯ ಮೇಲೆ ನಾನು ಬರೆದ ಅತಿ ಕಡಿಮೆ ಹೊತ್ತು ಅದು. ಶೆಡ್ಡಿನಿಂದ ನೋಡಲು ಬಂದಿದ್ದವರು ಶಿಳ್ಳೆ ಹೊಡೆದರು. ಇಂಜಿನಿಯರು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಡ್ರಮ್ಮಿನ ಮೇಲೆ ಕೂತುಬಿಟ್ಟರು.

ಅಣ್ಣ ಇಳಿದು ನೇರ ನನ್ನ ಹತ್ತಿರ ಬಂದರು. ಮುಖ ಬೆವರಿತ್ತು, ಕಣ್ಣಲ್ಲಿ ಹುಡುಗರ ಕಣ್ಣಿನ ಹೊಳಪು.

"ಎಂಗೈತೆ?"

"ಹೇಗೆ ಮಾಡಿದ್ರಿ ಅಣ್ಣ?"

"ಎಣಿಸ್ದೆ ಕಣವ್ವ. ಎಡಗಡೆ ಹೊಂಗೆಮರ ಬಂದ ತಕ್ಸಣ ಒಂದು, ಎರಡು, ಮೂರು. ಬ್ರೇಕು. ಇನ್ನೊಂದು, ಎರಡು. ಸ್ಟೇರಿಂಗು. ಆ ಡ್ರಮ್ಮು ನನ್ ಕಣ್ಗೇ ಬೀಳ್ನಿಲ್ಲ!" ಎಂದು ನಕ್ಕರು.

ನಾನೂ ನಕ್ಕೆ. ಅಂಥ ಕೆಲಸ ಮಾಡಿದವರ ಎದುರು ನಗದೆ ಇರಲು ಸಾಧ್ಯವಿರಲಿಲ್ಲ. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಆ ಕಾಲುದಾರಿ ಕಣ್ಣ ಮುಂದೆ ಬಂತು. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಅಲ್ಲಿ ನಿಂತಿದ್ದರೆ ಆ ಲೆಕ್ಕದಲ್ಲಿ ಅವಳು ಎಲ್ಲಿರುತ್ತಿದ್ದಳು? ಮದ್ರಾಸಿನಲ್ಲಿ ಬಲಬದಿಗೆ ಇನ್ನೊಂದು ಕಾರು ಬಂದರೆ? ಅವರೊಬ್ಬರ ಪ್ರಾಣದ ಮಾತಾಗಿದ್ದರೆ ಬಹುಶಃ ಸುಮ್ಮನಿದ್ದುಬಿಡುತ್ತಿದ್ದೆ.

ಸೋಮವಾರ ಯಜಮಾನರು ಪುಸ್ತಕ ತರಿಸಿಕೊಂಡರು. ಹಾಳೆ ತಿರುವಿ, "ಇನ್ನೇನಿದೆ, ಮೇಸ್ತ್ರಿಗೇ ಸೀಟು" ಎಂದು ಪೆನ್ನು ತೆಗೆದರು.

"ಸಾರ್, ಬರೆದಿರೋದೆಲ್ಲ ಸರಿ. ಆದ್ರೆ ಪುಸ್ತಕದಲ್ಲಿ ಇಲ್ಲದ್ದು ಒಂದಿದೆ" ಎಂದೆ. ಕಣ್ಣಿನ ಪೊರೆ, ಎಣಿಸಿ ಓಡಿಸಿದ್ದು, ಎರಡನ್ನೂ ಹೇಳಿಬಿಟ್ಟೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. "ಅವನಿಗೆ ಗೊತ್ತಾ, ನೀನು ಇಲ್ಲಿ ಹೇಳ್ತಿರೋದು?"

"ಇಲ್ಲ ಸಾರ್."

ಅಂದು ಮಧ್ಯಾಹ್ನ ಅಣ್ಣನನ್ನು ಒಳಗೆ ಕರೆದರು. ಹತ್ತು ನಿಮಿಷದಲ್ಲಿ ಹೊರಬಂದವರು ನನ್ನ ಮೇಜಿನ ಮುಂದೆಯೇ ಹಾದುಹೋದರು, ನಿಲ್ಲಲಿಲ್ಲ. ಸೀಟು ಇಂಜಿನಿಯರಿಗೆ ಸಿಕ್ಕಿತು. ಅವರಿಗೂ ಅದರಿಂದ ಖುಷಿಯಾದಂತೆ ಕಾಣಲಿಲ್ಲ. "ನನ್ನ ಟೈಮ್ ಅವರಷ್ಟು ಚೆನ್ನಾಗಿರ್ಲಿಲ್ಲ ಅಲ್ವಾ?" ಎಂದು ಎರಡು ಸಲ ಕೇಳಿದರು. ಶೆಡ್ಡಿನಲ್ಲಿ ಸುದ್ದಿ ಹರಡಿತು. ನಾನು ಹೋದಾಗ ಮಾತು ಮತ್ತೆ ನಿಲ್ಲತೊಡಗಿತು. ಈ ಸಲ ಅದಕ್ಕೆ ಕಾರಣವಿತ್ತು.

ಕಣ್ಣಿನ ಆಪರೇಶನ್ ಮರುವರ್ಷ ಆಯಿತು. ಆಗೆಲ್ಲ ಪೊರೆ ತೆಗೆದರೆ ಸೀಸೆಯ ತಳದಂಥ ದಪ್ಪ ಕನ್ನಡಕ. ಅಣ್ಣ ಮತ್ತೆ ರೇಸಿಗೆ ಇಳಿಯಲಿಲ್ಲ. ಟೂಲ್‌ರೂಮಿನಲ್ಲಿ ಕಾರಿನ ಭಾಗಗಳನ್ನು ಮಾತ್ರ ಮೊದಲಿನಂತೆಯೇ ಮಾಡಿಕೊಡುತ್ತಿದ್ದರು. ನನ್ನೊಂದಿಗೆ ಕೆಲಸದ ಮಾತಷ್ಟೇ. ಬಹುವಚನ ಬೇರೆ. "ತಗೊಳ್ಳಿ ಮೇಡಂ" ಎಂದು ಅವರು ಕಾಗದ ಚಾಚಿದಾಗಲೆಲ್ಲ ನನಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು.

ಅದಾದ ಮೇಲೆ ಒಂದು ದಿನ ಊರಲ್ಲಿ ಏನೋ ಗಲಾಟೆಯಾಗಿ ಮಧ್ಯಾಹ್ನವೇ ಬಸ್ಸುಗಳು ನಿಂತವು. ಕಾರ್ಖಾನೆಯ ಹೆಂಗಸರನ್ನು ವ್ಯಾನಿನಲ್ಲಿ ಮನೆ ಮುಟ್ಟಿಸಲು ಯಜಮಾನರು ಅಣ್ಣನಿಗೆ ಹೇಳಿದರು. ವ್ಯಾನು ಸೈಕಲ್ಲಿಗಿಂತ ತುಸು ಜೋರಾಗಿ ಹೋಗುತ್ತಿತ್ತು. ಹಿಂದಿನ ಸೀಟಿನವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಒಬ್ಬೊಬ್ಬರೇ ಇಳಿದು, ಕೊನೆಗೆ ನಮ್ಮ ಮನೆಯಿದ್ದ ಜಾಲಹಳ್ಳಿ ಮುಟ್ಟುವ ಹೊತ್ತಿಗೆ ನಾನೊಬ್ಬಳೇ ಉಳಿದೆ.

"ಅಣ್ಣ, ನನ್ನ ಮೇಲೆ ಇನ್ನೂ ಸಿಟ್ಟಾ?" ಎಂದೆ.

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಯಜಮಾನ್ರಿಗೆ ಯೇಳಿದ್ದಕ್ಕೆ ಸಿಟ್ಟಿಲ್ಲ. ನನ್ ಮಗಳು ಆ ದಾರೀಲಿ ದಾಟಂಗಿದ್ರೆ ನಾನೂ ಯೇಳ್ತಿದ್ದೆ."

"ಮತ್ತೆ?"

"ನಂಗೆ ಮೊದ್ಲು ಯೇಳ್ಬೌದಾಗಿತ್ತು. 'ಅಣ್ಣ, ನಾನು ಸುಮ್ಕಿರಾಕಾಗಲ್ಲ, ನೀನೇ ಓಗಿ ಯೇಳು' ಅಂತ. ನಾನೇ ಓಗಿ ಯೇಳ್ತಿದ್ನೋ ಏನೋ. ಅದೊಂದನ್ನ ನೀನು ನಂಗೆ ಬಿಡ್ನಿಲ್ಲ ಕಣವ್ವ."

ಎಷ್ಟೋ ರಾತ್ರಿ ನಾನು ನನ್ನ ಪರ ವಾದಿಸಿಕೊಂಡಿದ್ದೆ. ಹೇಳಿದ್ದು ಸರಿ, ಜನರ ಜೀವದ ಪ್ರಶ್ನೆ, ಹೀಗೆ. ಆ ವಾದಗಳಲ್ಲಿ ಒಂದೂ ಅಣ್ಣನ ಮಾತಿನ ಹತ್ತಿರ ಸುಳಿಯುವಂಥದ್ದಾಗಿರಲಿಲ್ಲ. ಮೂರನೆಯ ಭಾನುವಾರ ಅವರು ನನ್ನೆದುರು ನಿಂತು ನಗುತ್ತಿದ್ದಾಗ ನನಗೆ ಬಾಯಿತ್ತು. ಅವರ ಖುಷಿ ಕೆಡಿಸುವ ಧೈರ್ಯವಿರಲಿಲ್ಲ, ಅಷ್ಟೇ. ಯಜಮಾನರ ಕೋಣೆಯಲ್ಲಿ ಹೇಳುವುದು ಅದಕ್ಕಿಂತ ಸುಲಭವಾಗಿತ್ತು.

"ತಪ್ಪಾಯ್ತು ಅಣ್ಣ" ಎಂದೆ.

"ಓಗ್ಲಿ ಬಿಡು" ಎಂದರು. ಆ ಏಕವಚನ ಕೇಳಿಯೇ ನನಗೆ ಅಳು ಬಂತು.

ಮನೆಯ ಮುಂದೆ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಕಾಫಿ ಕುಡಿದು ಹೋಗಿ ಎಂದು ಬಲವಂತ ಮಾಡಿದಳು. ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಅವರು ವ್ಯಾನು ತಿರುಗಿಸಿದರು.

ಮುಂದಿನ ವರ್ಷ ಯಜಮಾನರು ರೇಸನ್ನೇ ನಿಲ್ಲಿಸಿದರು. ಅಷ್ಟೊಂದು ಊಟ ನಿದ್ದೆ ಬಿಟ್ಟು ಸೀಟು ಉಳಿಸಿಕೊಂಡ ಇಂಜಿನಿಯರು ಅದರಲ್ಲಿ ಒಂದೇ ಸೀಸನ್ನು ಓಡಿಸಿದರು. ಆಮೇಲೆ ಅವರು ಪುಣೆಗೆ ಹೋದರೆಂದು ಕೇಳಿದೆ. ಎರಡು ಕಾರುಗಳಲ್ಲಿ ಒಂದು ಶೆಡ್ಡಿನ ಹಿಂದೆ ಬಹಳ ಕಾಲ ಟಾರ್ಪಾಲಿನಡಿ ಇತ್ತು. ನಾನು ಮದುವೆಯಾಗಿ ಕೆಲಸ ಬಿಟ್ಟೆ. ಅಣ್ಣ ಮದುವೆಗೆ ಹೆಂಡತಿ, ಮಗಳೊಂದಿಗೆ ಬಂದಿದ್ದರು. ಅಪ್ಪನ ಪಕ್ಕ ಕೂತು ಊಟ ಮಾಡಿದರು. ಇಬ್ಬರೂ ಎಲೆ ಮಡಚುವವರೆಗೂ ಕಾರಿನ ಎಂಜಿನ್ನಿನ ಬಗ್ಗೆಯೇ ಮಾತಾಡುತ್ತಿದ್ದರು.