ಕಂಡಕ್ಟರಮ್ಮನ ಟಿಲ್ಲರ್

ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಕೈ ಆಕೆಯದು. ನಿವೃತ್ತಿಯಾದರೂ ಬೀದಿಯವರ ಬಾಯಲ್ಲಿ ಈಗಲೂ ಕಂಡಕ್ಟರಮ್ಮನೇ. ಅದೇ ಬಸ್ಸಿನ ಡ್ರೈವರು ಆಕೆಯ ಗಂಡ. ಮನೆಯಲ್ಲಿ ಅವನ ಮಾತು ನಡೆಯುತ್ತಿತ್ತು, ಬಸ್ಸಿನಲ್ಲಿ ಆಕೆಯದು. ಹಿಂದಿನಿಂದ "ರೈಟ್!" ಎಂಬ ಕೂಗು ಬೀಳದೆ ಅವನು ಗಾಡಿಯನ್ನು ಒಂದು ಗೇಣೂ ಮುಂದೆ ಬಿಡುತ್ತಿರಲಿಲ್ಲ.

ಕೆಲಸ ಬಿಟ್ಟ ಮೇಲೆ ಹಿತ್ತಲಿನ ತರಕಾರಿ ಪಾತಿಗಳು ಆಕೆಯ ಪಾಲಿಗೆ ಬಂದವು, ಅವನ್ನು ಉಳುವ ಪುಟ್ಟ ಪೆಟ್ರೋಲ್ ಟಿಲ್ಲರ್ ಅವನ ಪಾಲಿಗೆ. ಆಯಿಲ್ ನೋಡುವುದು, ಫಿಲ್ಟರ್ ತೊಳೆಯುವುದು, ಒರೆಸಿ ಗೋಣಿ ಹೊದಿಸುವುದು, ಎಲ್ಲ ಅವನದೇ ದರ್ಬಾರು. ಆಕೆ ಹತ್ತಿರ ಸುಳಿದರೆ ಗದರುತ್ತಿದ್ದ. ಈ ಸಲ ಅವನ ಸೊಂಟ ಹಿಡಿದುಕೊಂಡಿತು. ಇನ್ನು ಬಗ್ಗಿ ಭಾರ ಎಳೆಯುವಂತಿಲ್ಲ ಎಂದರು ಡಾಕ್ಟರು. ಹೆಂಡತಿಯನ್ನು ಒಂದು ಮಾತೂ ಕೇಳದೆ ಟಿಲ್ಲರನ್ನು ತಮ್ಮನಿಗೆ ಕೊಡುತ್ತೇನೆಂದು ಅವನು ಹೇಳಿಬಿಟ್ಟ. ಆಕೆಗೆ ಮೈಯೆಲ್ಲ ಉರಿಯಿತು. ಯಂತ್ರ ಹೋದರೆ ಹಿತ್ತಲೂ ಹೋದಂತೆಯೇ. ಅರವತ್ತೆರಡರ ವಯಸ್ಸಿನಲ್ಲಿ ಅಷ್ಟೂ ನೆಲವನ್ನು ಗುದ್ದಲಿಯಲ್ಲಿ ಅಗೆಯಲು ಆಕೆಯಿಂದ ಆಗುತ್ತಿರಲಿಲ್ಲ.

"ನಿಮ್ ತಮ್ಮ ಅದನ್ನ ತಗೊಂಡ್ಹೋಗೋಕೆ ಬರೋದು ಸಂಜೆ ತಾನೆ? ಅಷ್ಟರಲ್ಲಿ ನಾನೇ ಉತ್ತು ತೋರಿಸ್ತೀನಿ. ಉತ್ರೆ ಟಿಲ್ಲರ್ ಇಲ್ಲೇ ಇರ್ಬೇಕು."

"ಆಗ್ಲಿ, ನೋಡೇಬಿಡೋಣ," ಎಂದ ಗಂಡ. ಹಿತ್ತಲ ಜಗಲಿಯ ಬೆಂಚಿನ ಮೇಲೆ ಅಂಗಾತ ಮಲಗಿದ್ದವನಿಗೆ ಕಾಣುತ್ತಿದ್ದದ್ದು ಸೂರೊಂದೇ.

ಬ್ಲೇಡುಗಳಿಗೆ ಹಳೆಯ ಬಳ್ಳಿ ಸುತ್ತಿಕೊಂಡಿತ್ತು. ಎಂಜಿನ್ ತಾನಾಗಿ ಹತ್ತದಿರಲೆಂದು ಆಕೆ ಮೊದಲು ಪ್ಲಗ್ಗಿನ ವೈರು ಕಿತ್ತಳು. ಇಷ್ಟು ವರ್ಷ ದೂರದಿಂದಲೇ ನೋಡಿ ಕಲಿತದ್ದು. ಪಿನ್ನು ತೆಗೆದು ಎರಡೂ ಕಡೆಯ ಬ್ಲೇಡುಗಳನ್ನು ಕಳಚಿ, ಬಳ್ಳಿಯನ್ನು ಚಾಕುವಿನಿಂದ ಕೊಯ್ದು ತೆಗೆದಳು. ಮತ್ತೆ ಜೋಡಿಸುವಾಗ ಅನುಮಾನ ಬಂತು. ಒಂದನ್ನು ಎಡಗಡೆಗೆ ಹಿಡಿದು ಕೂಗಿದಳು:

"ರೀ, ಕೆಂಪು ಚುಕ್ಕೆ ಇರೋದು ಈ ಕಡೆಗಾ?"

"ರೈಟ್!"

ಅದನ್ನು ಎಡಕ್ಕೇ, ಇನ್ನೊಂದನ್ನು ಬಲಕ್ಕೆ ಹಾಕಿ ಪಿನ್ನು ಜಡಿದು ವೈರು ಸಿಕ್ಕಿಸಿದಳು.

ಸ್ಟಾರ್ಟರಿನ ಎರಡನೇ ಎಳೆತಕ್ಕೆ ಎಂಜಿನ್ ಹತ್ತಿತು. ಆದರೆ ಟಿಲ್ಲರ್ ಒಂದು ಹಿಡಿ ಮಣ್ಣನ್ನೂ ಎಬ್ಬಿಸಲಿಲ್ಲ. ನೆಲದ ಮೇಲೆ ಕುಪ್ಪಳಿಸುತ್ತಾ ಬೇಲಿಯವರೆಗೆ ಓಡಿತು, ಹಿಂದೆಯೇ ಕಂಡಕ್ಟರಮ್ಮ. ಅದೇ ಹೊತ್ತಿಗೆ ಮೈದುನ ಹಗ್ಗ ಹಿಡಿದು ಒಳಗೆ ಬಂದ.

"ಅತ್ತಿಗೆ, ಸುಮ್ನೆ ಯಾಕೆ ಒದ್ದಾಡ್ತೀರಾ? ಬಿಡಿ, ನಾನು ತಗೊಂಡ್ಹೋಗ್ತೀನಿ."

ಆಕೆ ಎಂಜಿನ್ ಆರಿಸಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಬ್ಲೇಡುಗಳ ಹರಿತದ ಅಂಚೆಲ್ಲ ಹಿಂದಕ್ಕೆ ತಿರುಗಿತ್ತು.

"ನೀವೇ ರೈಟ್ ಅಂದ್ರಲ್ರೀ!"

"ಬಲಗಡೆಗೆ ಅಂದೆ ಕಣೇ!"

"ಇಪ್ಪತ್ತಾರು ವರ್ಷ ನಾನು ರೈಟ್ ಅಂದಾಗ ಒಂದು ಸಲನಾದ್ರೂ ಬಲಕ್ಕೆ ತಿರುಗಿಸಿದ್ರಾ?"

ಆಕೆ ಮತ್ತೆ ವೈರು ಕಿತ್ತು, ಬ್ಲೇಡುಗಳನ್ನು ಅದಲುಬದಲು ಮಾಡಿ, ಪಿನ್ನುಗಳನ್ನು ಎಳೆದು ನೋಡಿದಳು. ವೈರು ಸಿಕ್ಕಿಸಿ ಎಂಜಿನ್ ಹೊತ್ತಿಸಿ ಹಿಡಿ ಹಿಡಿದಳು. ಭಯವಾಗಿತ್ತು, ಸುಳ್ಳೇಕೆ. ತಿರುಗಿ ನೋಡಿದರೆ ಗಂಡ ಗೋಡೆ ಹಿಡಿದುಕೊಂಡು ಮೆಟ್ಟಿಲವರೆಗೆ ಬಂದು ನಿಂತಿದ್ದ.

"ರೈಟ್!" ಎಂದು ಕೂಗಿದ.

ತಮ್ಮ ಹಗ್ಗ ಬಿಚ್ಚುತ್ತಾ ಟಿಲ್ಲರಿನತ್ತ ಹೆಜ್ಜೆ ಹಾಕಿದ.

"ನಿಂಗಲ್ಲ ಕಣೋ," ಎಂದ ಡ್ರೈವರು.